ಡೊಂಬಿವಲಿಯ ಚಿಕ್ಕ ಸ್ಟುಡಿಯೋದಲ್ಲಿ ನಮ್ಮ ಪಾಡ್‌ಕಾಸ್ಟಿಗೆ ಮ್ಯೂಸಿಕ್ ಮಾಡಿಸಿದ್ದು: ಟ್ಯೂನ್, ಕಾಗದ, ಖರ್ಚು ಎಲ್ಲಾ

ಮೊದ್ಲೇ ಹೇಳ್ತೇನೆ, ಇದು ಸ್ವಲ್ಪ ಉದ್ದ ಆಗ್ತದೆ. ಡೊಂಬಿವಲಿ ಈಸ್ಟಲ್ಲಿ ಎಂಐಡಿಸಿ ಕಡೆ, ಅಂದ್ರೆ ಫ್ಯಾಕ್ಟರಿಗಳಿರುವ ಏರಿಯಾದಲ್ಲಿ, ಗಂಡ ಹೆಂಡತಿ ಇಬ್ರೇ ನಡೆಸುವ ಒಂದು ಚಿಕ್ಕ ರೆಕಾರ್ಡಿಂಗ್ ಸ್ಟುಡಿಯೋ ಉಂಟು, ಕಾರ್ಕಳ ಕಡೆಯವ್ರು. ಅಲ್ಲಿ ನಮ್ಮ ಪಾಡ್‌ಕಾಸ್ಟಿಗೆ ಮ್ಯೂಸಿಕ್ ಮಾಡಿಸಿದೆವು. ಹೆಸರು ಹಾಕುದು ಬೇಡ ಅಂತ ಅವ್ರೇ ಕೇಳಿಕೊಂಡ್ರು, ಈಗ ಇರುವ ಕೆಲಸವೇ ಮುಗಿಯುದಿಲ್ಲ ಅಂತೆ, ಹಾಗಾಗಿ ಇಲ್ಲಿ ಹಾಕ್ಲಿಲ್ಲ. ಆದ್ರೆ ಅಲ್ಲಿ ಕೆಲಸ ಹೇಗೆ ಆಯ್ತು ಅಂತ ಬರೀಲೇಬೇಕು ಅನ್ನಿಸ್ತು, ಯಾಕಂದ್ರೆ ಯೂಟ್ಯೂಬ್ ಚಾನೆಲ್ ಮಾಡುವ ಮುಂಬೈ ಕನ್ನಡದವ್ರು ಸುಮಾರು ಜನ ನಾವು ಮಾಡಿದ ತಪ್ಪನ್ನೇ ಮಾಡ್ತಾ ಇದ್ದಾರೆ.

ನಮ್ದು ಮೂರು ಜನರ ಪಾಡ್‌ಕಾಸ್ಟ್. ಊರು ಬಿಟ್ಟು ಚಿಕ್ಕ ಪ್ರಾಯದಲ್ಲಿ ಮುಂಬೈಗೆ ಬಂದು, ಹಗಲು ಹೋಟೆಲಲ್ಲಿ ಟೇಬಲ್ ಒರೆಸಿ, ರಾತ್ರಿ ಕನ್ನಡ ನೈಟ್ ಸ್ಕೂಲಲ್ಲಿ ಓದಿದವ್ರು ಇದ್ದಾರಲ್ಲ, ಈಗ ಅವ್ರಿಗೆಲ್ಲ ಎಪ್ಪತ್ತೈದು ಎಂಬತ್ತು ಆಗಿದೆ, ಅವ್ರ ಮನೆಗೆ ಹೋಗಿ ಕೂತು ಮಾತಾಡಿಸಿ ರೆಕಾರ್ಡ್ ಮಾಡುದು. ನನ್ನ ಅಪ್ಪನೂ ಅಂಥವ್ರೇ, ಅವ್ರದ್ದು ರೆಕಾರ್ಡ್ ಮಾಡುವ ಮೊದ್ಲೇ ಹೋಗಿಬಿಟ್ರು, ಆ ನೋವಿಂದ ಶುರು ಮಾಡಿದ್ದು ಇದು.

ಹನ್ನೊಂದು ಎಪಿಸೋಡ್ ಆಗುವ ತನಕ ಮ್ಯೂಸಿಕ್ ಬಗ್ಗೆ ತಲೆ ಕೆಡಿಸಿಕೊಂಡವ್ರಲ್ಲ. ಯಾರೋ ವಾಟ್ಸಾಪಲ್ಲಿ ಕಳಿಸಿದ ಒಂದು ಕೊಳಲಿನ ಪೀಸ್, ಫೈಲ್ ಹೆಸರಲ್ಲೇ 'ನೋ ಕಾಪಿರೈಟ್' ಅಂತ ಬರೆದಿತ್ತು, ಅದನ್ನೇ ಟೈಟಲಿಗೆ ಹಾಕಿದೆವು. ಒಂದು ದಿನ ಬೆಳಿಗ್ಗೆ ನೋಡಿದ್ರೆ ಹನ್ನೊಂದಕ್ಕೆ ಹನ್ನೊಂದೂ ಎಪಿಸೋಡಿಗೆ ಯೂಟ್ಯೂಬಲ್ಲಿ ಕಾಪಿರೈಟ್ ಕ್ಲೇಮ್ ಬಂದಿದೆ. ಅದು ಯಾವುದೋ ಆಲ್ಬಮಿನ ಪೀಸ್ ಅಂತೆ. ಫೈಲಿನ ಹೆಸರಲ್ಲಿ ಯಾರು ಎಂತ ಬೇಕಾದ್ರೂ ಬರೀಬಹುದು, ಅದು ಲೈಸೆನ್ಸ್ ಆಗುದಿಲ್ಲ ಅಂತ ಆವಾಗ ಗೊತ್ತಾಯ್ತು. ಎರಡು ರಾತ್ರಿ ನಿದ್ದೆ ಬರ್ಲಿಲ್ಲ ನಂಗೆ, ಚಾನೆಲ್ಲೇ ಹೋದ್ರೆ ಆ ಅಜ್ಜಂದಿರ ಮಾತೆಲ್ಲ ಎಲ್ಲಿ ಹುಡುಕುದು ಅಂತ.

ಆಮೇಲೆ ಸಮಾಧಾನದಲ್ಲಿ ಓದಿ ನೋಡಿದಾಗ ತಿಳಿದದ್ದು, ಕ್ಲೇಮ್ ಬೇರೆ ಸ್ಟ್ರೈಕ್ ಬೇರೆ. ಕಂಟೆಂಟ್ ಐಡಿ ಅಂತ ಯೂಟ್ಯೂಬಲ್ಲಿ 2007ರಿಂದ ಒಂದು ವ್ಯವಸ್ಥೆ ಉಂಟು, ಹಕ್ಕುದಾರರು ತಮ್ಮ ಆಡಿಯೋ ಅದಕ್ಕೆ ಕೊಟ್ಟಿರ್ತಾರೆ, ನಮ್ಮ ವಿಡಿಯೋದಲ್ಲಿ ಅದೇ ಸೌಂಡ್ ಸಿಕ್ಕಿದ್ರೆ ತಾನಾಗಿಯೇ ಕ್ಲೇಮ್ ಬೀಳ್ತದೆ, ಹೆಚ್ಚಾಗಿ ಜಾಹೀರಾತಿನ ದುಡ್ಡು ಅವ್ರಿಗೆ ಹೋಗ್ತದೆ, ಅದ್ರಿಂದ ಚಾನೆಲ್ ಹೋಗುದಿಲ್ಲ. ಸ್ಟ್ರೈಕ್ ಹಾಗಲ್ಲ, ಹಕ್ಕುದಾರರು ದೂರು ಕೊಟ್ಟು ವಿಡಿಯೋ ತೆಗೆಸಿದಾಗ ಬೀಳುದು, 90 ದಿನದೊಳಗೆ ಮೂರು ಬಿದ್ರೆ ಚಾನೆಲ್ಲೇ ಮುಚ್ಚಬಹುದು. ನಮ್ಗೆ ಬಂದದ್ದು ಕ್ಲೇಮ್ ಮಾತ್ರ. ಡಿಸ್ಪ್ಯೂಟ್, ಅಂದ್ರೆ ತಕರಾರು, ಹಾಕಬಹುದಿತ್ತು, ಹಾಕಿದ್ರೆ ಅವ್ರು 30 ದಿನದಲ್ಲಿ ಉತ್ತರ ಕೊಡ್ಬೇಕು, ಆದ್ರೆ ತಪ್ಪು ನಮ್ದೇ ಆಗಿರುವಾಗ ಎಂತ ಡಿಸ್ಪ್ಯೂಟ್ ಹಾಕುದು? ಮ್ಯೂಸಿಕ್ ತೆಗ್ದೆವು.

ತೆಗೆದ ಮೇಲೆ ಎಪಿಸೋಡ್ ಬೋಳು ಬೋಳು ಆಯ್ತು. ಯೂಟ್ಯೂಬಿನ ಆಡಿಯೋ ಲೈಬ್ರರಿ ನೋಡಿದೆವು, ಅದು ಫ್ರೀ, ಕೆಲವು ಪೀಸಿಗೆ ಹೆಸರು ಹಾಕಿದ್ರೆ ಸಾಕು, ಕೆಲವಕ್ಕೆ ಅದೂ ಬೇಡ, ಒಳ್ಳೇ ಪೀಸ್‌ಗಳು ಉಂಟು ಅದ್ರಲ್ಲಿ. ಆದ್ರೆ ನಮ್ಗೆ ಬೇಕಾದ್ದು ಊರಿನ ಸ್ವರ. ಹದಿಮೂರು ವರ್ಷದ ಹುಡುಗ ಬಸ್ ಹತ್ತಿ ಅಮ್ಮನ್ನ ಬಿಟ್ಟು ಬಂದ ಕಥೆಗೆ ಪಿಯಾನೋ ಕೂತುಕೊಳ್ಳುದಿಲ್ಲ. ಆಗ ನಮ್ಮ ಕನ್ನಡ ಸಂಘದ ಹಿರಿಯರೊಬ್ರು ಈ ಸ್ಟುಡಿಯೋ ಹೇಳಿದ್ದು.

ಸ್ಟುಡಿಯೋ ಅಂದ್ರೆ ದೊಡ್ಡದು ಅಂತ ನೆನ್ಸಬೇಡಿ. ಎರಡನೇ ಮಾಳಿಗೆ, ಲಿಫ್ಟ್ ಇಲ್ಲ, ಒಂದು ಗಾಲಾವನ್ನ, ಅಂದ್ರೆ ಫ್ಯಾಕ್ಟರಿ ಕಟ್ಟಡದ ಒಂದು ಕೋಣೆಯನ್ನ, ಎರಡು ಭಾಗ ಮಾಡಿದ್ದಾರೆ. ಒಳಗಿನ ರೂಮಿನ ಗೋಡೆಗೆ ಹಳೇ ಕಂಬಳಿ, ಅದ್ರ ಮೇಲೆ ಫೋಮ್, ಬಾಗಿಲಿನ ಸಂದಿಗೆ ಸೈಕಲ್ ಟ್ಯೂಬ್ ಕತ್ತರಿಸಿ ಅಂಟಿಸಿದ್ದು. ಹಗಲಲ್ಲಿ ಫ್ಯಾಕ್ಟರಿ ಲಾರಿಗಳ ಸದ್ದು, ಅದಕ್ಕೆ ರೆಕಾರ್ಡಿಂಗ್ ರಾತ್ರಿ ಒಂಬತ್ತರ ಮೇಲೇ. ಎಸಿ ಆಫ್ ಮಾಡ್ಬೇಕು, ಫ್ಯಾನ್ ಆಫ್, ಮೇ ತಿಂಗಳು, ಕೂತಲ್ಲೇ ಬೆವರಿನ ಸ್ನಾನ. ಆದ್ರೆ ಹೆಡ್‌ಫೋನ್ ಹಾಕಿ ಕೇಳಿದ್ರೆ ಹೊರಗಿನ ಒಂದು ಸದ್ದೂ ಇಲ್ಲ. ಅಣ್ಣ ಮಿಕ್ಸಿಂಗ್ ನೋಡ್ತಾರೆ, ಅಕ್ಕ ಲಾ ಓದಿದವ್ರು, ಕಾಗದ ಪತ್ರ ಎಲ್ಲ ಅವ್ರದ್ದು. ನನ್ನ ಮಟ್ಟಿಗೆ ಈ ಸ್ಟುಡಿಯೋದ ನಿಜವಾದ ಬೆಲೆ ಆ ಅಕ್ಕನ ಟೇಬಲ್ಲು.

ಮೊದಲ ದಿನ ನಾವು ಹೋಗಿ ಟ್ಯೂನ್ ಹೀಗೆ ಬೇಕು ಹಾಗೆ ಬೇಕು ಅಂತ ಶುರು ಮಾಡಿದಾಗ ಅಕ್ಕ ತಡೆದು, ಇದನ್ನ ಎಲ್ಲೆಲ್ಲಿ ಹಾಕ್ತೀರಿ ಅದು ಹೇಳಿ ಮೊದ್ಲು ಅಂದ್ರು. ಯೂಟ್ಯೂಬಾ, ಆಡಿಯೋ ಆಪಾ, ಸಂಘದ ವಾರ್ಷಿಕೋತ್ಸವದ ಸ್ಟೇಜಲ್ಲೂ ಹಾಕ್ತೀರಾ, ನಾಳೆ ಯಾವುದಾದ್ರೂ ರೇಡಿಯೋದವ್ರು ಕೇಳಿದ್ರೆ ಕೊಡ್ತೀರಾ? ನಾವು ಮುಖ ಮುಖ ನೋಡಿಕೊಂಡೆವು. ಆಮೇಲೆ ಒಂದು ಗಂಟೆ ಕೂರಿಸಿ ಅವ್ರು ಹೇಳಿದ್ದು ಇಲ್ಲಿ ಬರೀತೇನೆ, ನಿಮ್ಗೂ ಉಪಯೋಗಕ್ಕೆ ಬರ್ತದೆ.

ಒಂದು ಹಾಡಲ್ಲಿ ಒಂದೇ ಹಕ್ಕು ಇರುದಲ್ಲ. ಸಾಹಿತ್ಯ ಬರೆದವ್ರದ್ದು ಒಂದು, ರಾಗ ಹಾಕಿದವ್ರದ್ದು ಒಂದು, ರೆಕಾರ್ಡ್ ಮಾಡಿದ್ದು ಇನ್ನೊಂದು, ಹಾಡಿದವ್ರಿಗೆ ನುಡಿಸಿದವ್ರಿಗೆ ಬೇರೆ ಹಕ್ಕು. ರೆಕಾರ್ಡಿಂಗಿನ ಹಕ್ಕು ಪ್ರಕಟ ಆಗಿ 60 ವರ್ಷ, ಸಾಹಿತ್ಯ ರಾಗದ ಹಕ್ಕು ಮಾಡಿದವ್ರು ತೀರಿಹೋದ ಮೇಲೂ 60 ವರ್ಷ. ದಾಸರ ಪದಕ್ಕೆ ಯಾರ ಹಕ್ಕೂ ಇಲ್ಲ, ಆದ್ರೆ ಆ ಪದ ಇರುವ ಕ್ಯಾಸೆಟಿನ ಆಡಿಯೋ ತೆಗೆದು ಹಾಕಿದ್ರೆ ಅದಕ್ಕೆ ಉಂಟು, ಹೊಸಬ್ರು ಕೂರಿಸಿದ ಧಾಟಿಗೂ ಉಂಟು. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ, ಇದೇ ಮುಂಬೈಯಲ್ಲಿ. ಹಾಗಾಗಿ ಅವ್ರ ಕವಿತೆಗೆ 2041 ಮುಗಿಯುವ ತನಕ ಹಕ್ಕು ಉಂಟು, ನಾವೇ ಹಾಡಿ ನಾವೇ ರೆಕಾರ್ಡ್ ಮಾಡಿದ್ರೂ ಹಾಕುವ ಮೊದ್ಲು ಅನುಮತಿ ಬೇಕು. ಮತ್ತೆ ಎಲ್ಲರ ಬಾಯಲ್ಲಿ ಇರುವ ಆ 30 ಸೆಕೆಂಡಿನ ಮಾತು, 30 ಸೆಕೆಂಡ್ ಒಳಗೆ ಹಾಕಿದ್ರೆ ಎಂತದೂ ಆಗುದಿಲ್ಲ ಅಂತ, ಅದು ಶುದ್ಧ ಸುಳ್ಳು. ನಮ್ಮ 1957ರ ಕಾಯ್ದೆಯಲ್ಲಿ ಸೆಕೆಂಡಿನ ಲೆಕ್ಕ ಎಲ್ಲೂ ಇಲ್ಲ.

ನಂಗೆ ಇನ್ನೊಂದು ಸಂಶಯ ಇತ್ತು. ರೇಡಿಯೋದವ್ರು ದಿನಾ ಸಾವಿರಾರು ಹಾಡು ಹಾಕ್ತಾರಲ್ಲ, ಒಬ್ಬೊಬ್ರ ಹತ್ರ ಹೋಗಿ ಕೇಳ್ತಾರಾ? ಅಕ್ಕ ಹೇಳಿದ್ರು, ಅವ್ರಿಗೆ 2012ರ ತಿದ್ದುಪಡಿಯಲ್ಲಿ ಸೆಕ್ಷನ್ 31ಡಿ ಅಂತ ಬೇರೆ ದಾರಿ ಉಂಟು, ಮೊದ್ಲು ನೋಟಿಸ್ ಕೊಟ್ಟು, ನಿಗದಿ ಮಾಡಿದ ರೇಟಲ್ಲಿ ರಾಯಲ್ಟಿ ಕಟ್ಟಿ ಪ್ರಕಟ ಆದ ಹಾಡು ಹಾಕಬಹುದು, ಕಂಪೆನಿ ಬೇಡ ಅನ್ನುವ ಹಾಗಿಲ್ಲ. ರೇಡಿಯೋ, ಟಿವಿಗೆ ಆ ದಾರಿ. ಇಂಟರ್ನೆಟಿಗೆ ಇಲ್ಲ. ಒಂದು ಮ್ಯೂಸಿಕ್ ಆಪ್ ಮತ್ತೆ ಕ್ಯಾಸೆಟ್ ಕಂಪೆನಿ ಕೇಸಲ್ಲಿ ನಮ್ಮ ಬಾಂಬೆ ಹೈಕೋರ್ಟೇ 2019ರಲ್ಲಿ ಹಾಗೆ ಹೇಳಿದ್ದು, 2022ರಲ್ಲಿ ಅಲ್ಲಿನ ಇಬ್ರು ಜಡ್ಜರ ಡಿವಿಜನ್ ಬೆಂಚೂ ಅದನ್ನೇ ಎತ್ತಿ ಹಿಡಿಯಿತು. ಅಂದ್ರೆ ಪಾಡ್‌ಕಾಸ್ಟ್ ಮಾಡುವವ್ರು ರೇಡಿಯೋ ನೋಡಿ ಧೈರ್ಯ ತಗೊಳ್ಳುವ ಹಾಗಿಲ್ಲ, ಹಕ್ಕುದಾರರ ಒಪ್ಪಿಗೆಯೇ ಬೇಕು.

ಟ್ಯೂನ್ ಮಾಡಿದ್ದು ಧಾರವಾಡ ಕಡೆಯ ಹಾರ್ಮೋನಿಯಂ ಮಾಸ್ತರ್ರು, ಕಲ್ಯಾಣಲ್ಲಿ ಮಕ್ಕಳಿಗೆ ಪಾಠ ಹೇಳ್ತಾರೆ. ಸ್ಟುಡಿಯೋದವ್ರೇ ಕರೆಸಿದ್ದು. ನಾನು ಅವ್ರಿಗೆ ಒಂದು ಎಪಿಸೋಡ್ ಕೇಳಿಸಿದೆ, ಒಬ್ರು ಅಜ್ಜ ಮಾತುಂಗದಲ್ಲಿ ಹೋಟೆಲ್ ಒಳಗೇ ಮಲಗ್ತಿದ್ದದ್ದು, ಬೆಂಚು ಜೋಡಿಸಿ ಹಾಸಿಗೆ ಮಾಡಿಕೊಳ್ತಿದ್ದದ್ದು ಹೇಳುವ ಜಾಗ. ಮಾಸ್ತರ್ರು ಕಣ್ಣು ಮುಚ್ಚಿ ಕೇಳಿದ್ರು, ಕೇಳಿ ಆದ ಮೇಲೆ ಸುಮಾರು ಹೊತ್ತು ಮಾತಿಲ್ಲ, ಮತ್ತೆ ಬಲಗೈಯಲ್ಲಿ ನಾಲ್ಕೇ ಸ್ವರ ಹಿಡಿದು, ಅದನ್ನೇ ತಿರುಗಿಸಿ ತಿರುಗಿಸಿ ನುಡಿಸ್ತಾ, "ಇದು ಸಾಕ್ರೀ, ಹೆಚ್ಚಿಗಿ ಹಾಕಿದ್ರ ಹಿರ್ಯಾರ ಮಾತು ಮುಚ್ಚಿ ಹೋಗ್ತದ" ಅಂದ್ರು. ಆ ನಾಲ್ಕು ಸ್ವರವೇ ಈಗ ನಮ್ಮ ಟೈಟಲ್. 40 ಸೆಕೆಂಡ್, ಕೆಳಗೆ ತಬಲಾದ ಬರೀ ಬಾಯಾ, ಆ ಎಡಗೈಯ ದಪ್ಪ ಸದ್ದಿನದ್ದು, ಅದು ಮಾತ್ರ. ಇದಲ್ಲದೆ ಮಾತಿನ ಮಧ್ಯೆ ಹಾಕಲಿಕ್ಕೆ ಆರು ಚಿಕ್ಕ ಪೀಸ್ ಮಾಡಿ ಕೊಟ್ರು.

ಚಹಾ ಕುಡಿಯುವಾಗ ಮಾಸ್ತರ್ರು ತಮ್ಮದೊಂದು ಹೇಳಿದ್ರು. ಸುಮಾರು ಇಪ್ಪತ್ತು ವರ್ಷದ ಹಿಂದೆ ಒಂದು ಭಕ್ತಿಗೀತೆ ಆಲ್ಬಮಿಗೆ ಎಂಟು ಹಾಡಿಗೆ ರಾಗ ಹಾಕಿದ್ದು, ಕೈಗೆ 2,500 ರೂಪಾಯಿ ಕೊಟ್ಟು, ಸ್ಟಾಂಪ್ ಪೇಪರ್ ಮೇಲೆ ಸಹಿ ಹಾಕಿಸಿಕೊಂಡ್ರಂತೆ, ಇಂಗ್ಲಿಷಲ್ಲಿ ಇತ್ತು, ಓದಲಿಲ್ಲ. ಆ ಹಾಡಲ್ಲಿ ಒಂದು ಆಮೇಲೆ ಕಾಲರ್ ಟ್ಯೂನ್ ಆಗಿ ಬಂತು, ಈಗಲೂ ದೇವಸ್ಥಾನದ ಮೈಕಲ್ಲಿ ಕೇಳ್ತದೆ, ಎಲ್ಲೂ ಇವ್ರ ಹೆಸರಿಲ್ಲ. "ನನ್ನ ಮಗಳ ಮದಿವ್ಯಾಗೂ ಅದ ಹಾಡ ಹಚ್ಚಿದ್ರು, ನಂದ ಅಂತ ಹೇಳಾಕ ಬಾಯಿ ಬರಲಿಲ್ಲ" ಅಂದ್ರು. ನಮ್ಗೆ ಯಾರಿಗೂ ಎಂತ ಹೇಳ್ಬೇಕು ಗೊತ್ತಾಗ್ಲಿಲ್ಲ.

ಇಂಥವ್ರಿಗೋಸ್ಕರವೇ 2012ರಲ್ಲಿ ಕಾಯ್ದೆ ತಿದ್ದಿದ್ದು. ಆಗ ರಾಜ್ಯಸಭೆಯಲ್ಲಿ ಇದಕ್ಕೆ ಗಟ್ಟಿಯಾಗಿ ಮಾತಾಡಿದವ್ರು ಜಾವೇದ್ ಅಖ್ತರ್. ಅದ್ರ ಪ್ರಕಾರ ಬರೆದವ್ರು, ರಾಗ ಹಾಕಿದವ್ರು ಬೇರೆ ಎಲ್ಲ ಹಕ್ಕು ಬರೆದುಕೊಟ್ರೂ ರಾಯಲ್ಟಿಯಲ್ಲಿ ಸಮಪಾಲು ಪಡೆಯುವ ಹಕ್ಕನ್ನ ಬಿಟ್ಟುಕೊಡುವ ಹಾಗೇ ಇಲ್ಲ, ಸಿನಿಮಾ ಥಿಯೇಟರಲ್ಲಿ ಸಿನಿಮಾ ಜೊತೆ ತೋರಿಸುದು ಒಂದು ಬಿಟ್ಟು. ಸಹಿ ಹಾಕಿಸಿಕೊಂಡ್ರೂ ಅದು ನಡೆಯುದಿಲ್ಲ. ಎಫ್‌ಎಂ ರೇಡಿಯೋದವ್ರು ಕ್ಯಾಸೆಟ್ ಕಂಪೆನಿಗೆ ಕಟ್ಟಿದ್ರೆ ಸಾಕು, ಬರೆದವ್ರಿಗೆ ಬೇರೆ ಎಂತಕ್ಕೆ ಅಂತ ವಾದ ಮಾಡ್ತಿದ್ರು, 2023ರ ಏಪ್ರಿಲಲ್ಲಿ ಬಾಂಬೆ ಹೈಕೋರ್ಟ್ ಅವ್ರಿಗೂ ಕೊಡ್ಲೇಬೇಕು ಅಂತ ಹೇಳ್ತು. ಆ ಕೇಸ್ ಹಾಕಿದ್ದು ಐಪಿಆರ್‌ಎಸ್, ಬರೆದವ್ರ ಮತ್ತೆ ರಾಗ ಹಾಕಿದವ್ರ ಸೊಸೈಟಿ, 1969ರಲ್ಲಿ ಶುರು ಆದದ್ದು, ಇಲ್ಲೇ ಮುಂಬೈಯದ್ದು. ಅಕ್ಕ ಮಾಸ್ತರ್ರಿಗೆ ಅದ್ರ ಮೆಂಬರ್ ಆಗ್ಲಿಕ್ಕೆ ಹೇಳಿ ಫಾರ್ಮ್ ತುಂಬಿಸಿ ಕೊಟ್ರು, ಅದಕ್ಕೆ ಒಂದು ರೂಪಾಯಿ ತಗೊಳ್ಳಲಿಲ್ಲ. ಇದನ್ನ ನಾನು ಕಣ್ಣಾರೆ ನೋಡಿದ್ದು.

ಈಗ ನಮ್ಮ ಕಾಗದದ ವಿಷಯ. ನಾನು ಇಂಟರ್ನೆಟಿಂದ ಒಂದು ಲೆಟರ್ ಇಳಿಸಿ ತಗೊಂಡು ಹೋಗಿದ್ದೆ, 'ಎಲ್ಲಾ ಹಕ್ಕು ಕೊಟ್ಟಿದ್ದೇನೆ' ಅಂತ ನಾಲ್ಕು ಸಾಲು. ಅಕ್ಕ ಪೆನ್ನು ಹಿಡಿದು ತೋರಿಸಿದ್ರು. ಎಷ್ಟು ವರ್ಷ ಅಂತ ಬರೆದಿಲ್ಲ, ಬರೆಯದಿದ್ರೆ ಕಾಯ್ದೆ ಪ್ರಕಾರ 5 ವರ್ಷ ಅಂತಲೇ ಲೆಕ್ಕ. ಎಲ್ಲಿಗೆ ಅಂತ ಬರೆದಿಲ್ಲ, ಬರೆಯದಿದ್ರೆ ಭಾರತಕ್ಕೆ ಮಾತ್ರ. ನಮ್ಮ ಕೇಳುಗರಲ್ಲಿ ಅರ್ಧ ಜನ ದುಬೈ, ಮಸ್ಕತಲ್ಲಿ ಇರುವ ಮಕ್ಕಳು ಮೊಮ್ಮಕ್ಕಳು! ಮತ್ತೆ ಇವತ್ತು ಇಲ್ಲದ ಹೊಸ ಮಾಧ್ಯಮ ನಾಳೆ ಬಂದ್ರೆ, ಅದ್ರ ಹೆಸರೆತ್ತಿ ಬರೆಯದೆ ಈ ಕಾಗದ ಅದಕ್ಕೆ ಆಗುದಿಲ್ಲ, ಅದೂ 2012ರದ್ದೇ. ಇಷ್ಟು ದಿನ ಲೈಸೆನ್ಸ್ ಅಂದ್ರೆ ಒಂದು ಸಹಿ ಅಂತ ನೆನ್ಸಿದ್ದೆ ನಾನು.

ಕೊನೆಗೆ ಆದದ್ದು ಹೀಗೆ: ರಾಗ ಮಾಸ್ತರ್ರದ್ದೇ, ರೆಕಾರ್ಡಿಂಗ್ ನಮ್ದು. ಪಾಡ್‌ಕಾಸ್ಟ್, ವಿಡಿಯೋ, ರೇಡಿಯೋ, ಸಂಘದ ಕಾರ್ಯಕ್ರಮ, ಇಷ್ಟಕ್ಕೂ ಇಡೀ ಪ್ರಪಂಚಕ್ಕೆ, ಹಕ್ಕಿನ ಪೂರ್ತಿ ಅವಧಿಗೆ ಲೈಸೆನ್ಸ್. ನಾವು ಇದನ್ನ ಬೇರೆ ಯಾರಿಗಾದ್ರೂ ಮಾರಿದ್ರೆ, ರೇಡಿಯೋದಿಂದ ದುಡ್ಡು ಬಂದ್ರೆ ಮಾಸ್ತರ್ರಿಗೆ ಅವ್ರ ಪಾಲು. ಪ್ರತಿ ಎಪಿಸೋಡಲ್ಲೂ ಹೆಸರು. ತಬಲಾದ ಹುಡುಗನ ಹತ್ರವೂ ಬೇರೆ ಸಹಿ, ನುಡಿಸಿದವ್ರಿಗೂ ಹಕ್ಕು ಉಂಟಲ್ಲ.

ಇಂಗ್ಲಿಷ್ ಕಾಪಿ ಮಾತ್ರ ಇತ್ತು ಮೊದ್ಲು. ಮಾಸ್ತರ್ರ ಆ ಹಳೇ ಸ್ಟಾಂಪ್ ಪೇಪರ್ ಕಥೆ ಕೇಳಿದ ಮೇಲೆ ಕನ್ನಡದಲ್ಲಿ ಬೇಕು ಅಂತ ನಾನೇ ಹಠ ಮಾಡಿದೆ, ಅಕ್ಕ ಮರುದಿನ ಟೈಪ್ ಮಾಡಿ ಇಟ್ಟಿದ್ರು, ಒಂದೂವರೆ ಪುಟ. ಮಾಸ್ತರ್ರು ಕನ್ನಡಕ ಹಾಕಿ ಬೆರಳು ಇಟ್ಟು ಒಂದೊಂದೇ ಸಾಲು ಗಟ್ಟಿಯಾಗಿ ಓದಿದ್ರು. ಹೆಸರು ಹಾಕುವ ಸಾಲಲ್ಲಿ ಬೆರಳು ನಿಂತಿತು, ಇನಿಶಿಯಲ್ ಬೇಡ, ಊರಿನ ಹೆಸರು ಸೇರಿಸಿ ಹಾಕ್ರಿ ಅಂದ್ರು. ತಿದ್ದಿ ಪ್ರಿಂಟ್ ತೆಗೆದು ಮತ್ತೆ ಕೊಟ್ರು. ಆಮೇಲೇ ಸಹಿ.

ಖರ್ಚು ಒಟ್ಟು 22,000. ಮಾಸ್ತರ್ರಿಗೆ 9,000, ತಬಲಾಕ್ಕೆ 3,000, ಸ್ಟುಡಿಯೋ ಮಿಕ್ಸಿಂಗ್ ಕಾಗದ ಎಲ್ಲ ಸೇರಿ 10,000. ಮೂರು ಜನ ಹಂಚಿಕೊಂಡೆವು. ಮೊದ್ಲು ಹೆಚ್ಚಾಯ್ತು ಅನ್ನಿಸಿತ್ತು, ಈಗ ಹಾಗೆ ಅನ್ನಿಸುದಿಲ್ಲ.

ಬೇಜಾರಾದದ್ದೂ ಹೇಳ್ಬೇಕು. ಮೂರು ವಾರ ಅಂತ ಹೇಳಿ ಆರು ವಾರ ಮಾಡಿದ್ರು, ಫೋನ್ ಮಾಡಿದ್ರೆ ನಾಳೆ ನಾಳೆ. ಗಣೇಶ ಹಬ್ಬದ ಮೊದ್ಲು ಮುಂಬೈಯಲ್ಲಿ ಯಾವ ಸ್ಟುಡಿಯೋಕ್ಕೂ ಪುರುಸೊತ್ತಿಲ್ಲ ಅಂತ ಗೊತ್ತು, ಆದ್ರೆ ಅದನ್ನ ಮೊದ್ಲೇ ಹೇಳಬಹುದಿತ್ತು. ಫೈಲ್ ಕೊಡುವಾಗ ಎಂಪಿ3 ಕೊಟ್ರು, ಕ್ವಾಲಿಟಿ ಕಡಿಮೆ ಆಗದ ವೇವ್ ಫೈಲ್ ಕೇಳಿ ತಗೊಳ್ಬೇಕಾಯ್ತು, ಅದೂ 44.1 ಕಿಲೋಹರ್ಟ್ಸ್ ಸ್ಯಾಂಪಲ್ ರೇಟಿನದ್ದು, ವಿಡಿಯೋಕ್ಕೆ 48 ಬೇಕು ಅಂತ ಮತ್ತೊಮ್ಮೆ ಅಲೆದದ್ದು. ನೀವು ಹೋಗುದಾದ್ರೆ ಇದನ್ನ ಮೊದಲ ದಿನವೇ ಬರೆಸಿಕೊಳ್ಳಿ. ಹಾರ್ಮೋನಿಯಂ ಹೊತ್ತು ಆ ಮೆಟ್ಟಿಲು ಹತ್ತುದು ಪ್ರಾಯದವ್ರಿಗೆ ಕಷ್ಟ, ನಾವೇ ಹೊತ್ತುಕೊಂಡು ಹೋದೆವು.

ಇನ್ನೊಂದು ಮುಖ್ಯ ವಿಷಯ ಅಣ್ಣ ಹೇಳಿದ್ದು. ಈ ಟ್ಯೂನನ್ನ ಹಾಡಿನ ಆಪ್‌ಗಳಿಗೂ ಹಾಕುವ ಅಂತ ಆಸೆಗೆ ಆಪ್‌ಗಳಿಗೆ ಹಾಡು ತಲುಪಿಸುವ ಯಾವುದಾದ್ರೂ ಡಿಸ್ಟ್ರಿಬ್ಯೂಟರಿಗೆ ಕೊಟ್ಟು, ಫಾರ್ಮಲ್ಲಿ ಕಂಟೆಂಟ್ ಐಡಿ ಅಂತ ಇರುವ ಜಾಗಕ್ಕೆ ಟಿಕ್ ಹಾಕಿದ್ರೆ, ನಮ್ಮ ಟ್ಯೂನಿಗೆ ನಮ್ಮ ಚಾನೆಲಲ್ಲೇ ಕ್ಲೇಮ್ ಬೀಳ್ತದೆ! ಮೊದ್ಲು ನಮ್ಮ ಚಾನೆಲನ್ನ ಕ್ಲೇಮ್ ಹಾಕದೆ ಬಿಡುವ ಪಟ್ಟಿಗೆ ಸೇರಿಸಲಿಕ್ಕೆ ಹೇಳಿ ಆಮೇಲೆ ಕೊಡ್ಬೇಕು.

ಸಂಘದಲ್ಲಿ ಇದೆಲ್ಲ ಹೇಳಿದಾಗ ಎಲ್ಲರೂ ಕೇಳಿದ್ದು ಮದುವೆ ಬಗ್ಗೆ. ಮದುವೆ, ದಿಬ್ಬಣ, ಅದಕ್ಕೆ ಸೇರಿದ ಕಾರ್ಯಕ್ರಮದಲ್ಲಿ ಹಾಡು ಹಾಕ್ಲಿಕ್ಕೆ ಲೈಸೆನ್ಸ್ ಬೇಡ ಅಂತ ಕಾಯ್ದೆಯ ಸೆಕ್ಷನ್ 52ರಲ್ಲೇ ಉಂಟು, 2023ರ ಜುಲೈಯಲ್ಲಿ ಕೇಂದ್ರದವ್ರು ನೋಟಿಸ್ ಹೊರಡಿಸಿ ಅದನ್ನೇ ಮತ್ತೊಮ್ಮೆ ಹೇಳಿದ್ರು. ಗೋವಾ ಸರ್ಕಾರ 2024ರಲ್ಲಿ ಇದ್ರ ಮೇಲೆ ಸರ್ಕ್ಯುಲರ್ ಹೊರಡಿಸಿದ್ದು, ಅಲ್ಲಿನ ಹೈಕೋರ್ಟ್ ಪೀಠ ಅದೇ ವರ್ಷ ಅದನ್ನ ರದ್ದು ಮಾಡಿತು, ಆದ್ರೆ ಕಾಯ್ದೆಯ ವಿನಾಯಿತಿ ಹಾಗೇ ಉಂಟು. ಹಾಲಲ್ಲಿ ಹಾಕಿದ್ದಕ್ಕೆ ಮಾತ್ರ ಅದು, ಅದೇ ಹಾಡು ಸೇರಿಸಿ ಮದುವೆ ವಿಡಿಯೋ ಯೂಟ್ಯೂಬಿಗೆ ಹಾಕಿದ್ರೆ ಅದು ಬೇರೆ. ಹೋಟೆಲ್ ಇರುವವ್ರು ಹೋಟೆಲಲ್ಲಿ ಹಾಡು ಹಾಕುದಕ್ಕೆ ಲೈಸೆನ್ಸ್ ಬೇಕೇ ಬೇಕು, ರೆಕಾರ್ಡಿಂಗಿಗೆ ಬೇರೆ, ಸಾಹಿತ್ಯ ರಾಗಕ್ಕೆ ಬೇರೆ.

ಐದಕ್ಕೆ ನಾಲ್ಕೂವರೆ ಕೊಡ್ತೇನೆ. ಅರ್ಧ ಕಡಿಮೆ ಮಾಡಿದ್ದು ಆ ಆರು ವಾರಕ್ಕೆ.

ಹನ್ನೆರಡನೇ ಎಪಿಸೋಡಿನದ್ದು ಒಂದು ಹೇಳದೆ ಮುಗಿಸ್ಲಿಕ್ಕೆ ಆಗುದಿಲ್ಲ. ಕುಂದಾಪುರ ಕಡೆಯ ಅಜ್ಜ, ಮಾತಿನ ಮಧ್ಯೆ ಒಂದು ಹಳೇ ಸಿನಿಮಾ ಹಾಡು ಗುನುಗಿದ್ರು, ಪೂರ್ತಿ ಒಂದು ಚರಣ. ಅದು ಅವ್ರ ಸ್ವರ, ಕ್ಯಾಸೆಟಿಂದಲ್ಲ, ಆದ್ರೂ ಸಾಹಿತ್ಯ ರಾಗದ ಹಕ್ಕು ಉಂಟಲ್ಲ, ಅಕ್ಕ ಬೇಡ ಅಂದ್ರು. ಅಜ್ಜನಿಗೆ ಹೋಗಿ ಹೇಗೆ ಹೇಳುದು ಅಂತ ನಂಗೆ ಸಂಕಟ. ಹೇಳಿದೆ. ಅವ್ರು ಸ್ವಲ್ಪ ಹೊತ್ತು ಯೋಚನೆ ಮಾಡಿ, ಹಾಗಾದ್ರೆ ನನ್ನ ಅಬ್ಬಿ, ಅಂದ್ರೆ ಅಮ್ಮ, ತೊಟ್ಟಿಲು ತೂಗುವಾಗ ಹೇಳ್ತಿದ್ದದ್ದು ಒಂದು ಉಂಟು, ಅದು ಆಗ್ತದಾ ಅಂತ ಕೇಳಿದ್ರು. ಜನಪದ, ತಲೆಮಾರಿಂದ ಬಂದದ್ದು, ಯಾರ ಅನುಮತಿಯೂ ಬೇಡ. ಫೋನಲ್ಲೇ ರೆಕಾರ್ಡ್ ಮಾಡಿದೆ, ಅಡುಗೆಮನೆಯಿಂದ ಕುಕ್ಕರ್ ಸೀಟಿ ಎರಡು ಸಲ ಬಂತು.

ಸ್ಟುಡಿಯೋದಲ್ಲಿ ಮಾಸ್ತರ್ರು ಅದ್ರ ಕೆಳಗೆ ಹಾರ್ಮೋನಿಯಂ ಹಿಡಿಯಲಿಕ್ಕೆ ನೋಡಿದ್ರು, ಆಗ್ತಾ ಇಲ್ಲ. ಅಜ್ಜನ ಶ್ರುತಿ ಹಾರ್ಮೋನಿಯಂ ಮನೆಯ ಬಿಳಿ ಒಂದೂ ಅಲ್ಲ ಕರಿ ಒಂದೂ ಅಲ್ಲ, ಎರಡರ ನಡುವೆ ಎಲ್ಲೋ ನಿಂತಿದೆ. ಅಣ್ಣ ಅಜ್ಜನ ಸ್ವರವನ್ನ ಕಂಪ್ಯೂಟರಲ್ಲಿ ಸ್ವಲ್ಪ ಮೇಲೆ ಎತ್ತುವ ಅಂದ್ರು, ಎರಡು ನಿಮಿಷದ ಕೆಲಸ. ಮಾಸ್ತರ್ರು ಕೈ ಅಡ್ಡ ಹಿಡಿದ್ರು. "ಅಜ್ಜಾರ ದನಿ ಮುಟ್ಟಬ್ಯಾಡ್ರಿ. ನನ್ನ ಪೆಟಗಿ ಸರಸ್ರಿ." ಹಾರ್ಮೋನಿಯಂ ರೆಕಾರ್ಡ್ ಮಾಡಿ ಅದನ್ನೇ ಕೂದಲೆಳೆಯಷ್ಟು ಕೆಳಗೆ ಇಳಿಸಿ ಅಜ್ಜನ ಸ್ವರಕ್ಕೆ ಕೂರಿಸಿದ್ರು. ಮೊದಲನೇ ಸೀಟಿ ತೆಗ್ದರು. ಎರಡನೇದ್ದು ಅಜ್ಜ ಉಸಿರು ತಗೊಳ್ಳುವ ಜಾಗದಲ್ಲಿ ಸರಿಯಾಗಿ ಬಂದಿತ್ತು, ಅದನ್ನ ಹಾಗೇ ಇಟ್ಟಿದ್ದಾರೆ.